ಗಿರಣಿ ದತ್ತಾತ್ರಿಯ ಆಯುಷ್ಯ

ತನ್ನ ಆಯುಷ್ಯ ಕಡಿಮೆ ಎಂಬ ಸುದ್ದಿ ಮುರುಮ್ ಊರಿನ ಗಿರಣಿ ದತ್ತಾತ್ರಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಅದಕ್ಕೆ ಕಾರಣ ಅವನ ಹಿಟ್ಟಿನ ಗಿರಣಿಯೇ. ಅದು ಒಮ್ಮೆ ಶುರುವಾಯಿತೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಒಳಗಿದ್ದವನಿಗೆ ಕೇಳಿಸದು. ಸಾಲದ್ದಕ್ಕೆ ಅವನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದ.

ಹೊರಗೆ ಕಟ್ಟೆಯ ಮೇಲೆ ರೇವಣಸಿದ್ಧಪ್ಪ ಪೇಪರು ಓದುತ್ತಿದ್ದ. ಸರಕಾರಿ ಎಸ್.ಟಿ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದ ಮನುಷ್ಯ. ಬಸ್ಸಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲಾದ್ದರಿಂದ ಗಿರಣಿಯ ಸದ್ದು ಅವನಿಗೆ ಲೆಕ್ಕಕ್ಕಿರಲಿಲ್ಲ. ಪಕ್ಕದ ಚಹಾದಂಗಡಿಯ ಮರಾಠಿ ಪೇಪರು ತಂದು, ಮೊದಲು ಮರಾಠಿಯಲ್ಲಿ ಓದಿ, ಆಮೇಲೆ ಯಾರೂ ಕೇಳದಿದ್ದರೂ ಕನ್ನಡದಲ್ಲಿ ಬಿಡಿಸಿ ಹೇಳುವುದು ಅವನು ಊರಿಗೆ ಪುಗಸಟ್ಟೆಯಾಗಿ ಮಾಡುತ್ತಿದ್ದ ಸೇವೆ.

"ಕೇಳ್ರಿ ಇಲ್ಲಿ! ಎಲ್ಲೋ ಹೊರದೇಶದ ಡಾಕ್ಟರಗೋಳು ಲಕ್ಷಗಟ್ಟಲೆ ಮಂದೀದು ಹಿಸಾಬ್ ತಗದಾರ. ಮಕ್ಕಳಿದ್ದವ್ರು ಭಾಳ ವರ್ಷ ಬದಕ್ತಾರಂತ. ಇಲ್ಲದವ್ರು ಜಲ್ದಿ ಹೋಗ್ತಾರಂತ. ದತ್ತಕ ತಗೊಂಡ್ರೂ ನಡೀತದಂತ, ಆಯುಷ್ಯ ಬೆಳೀತದಂತ!"

ಜೋಳದ ಡಬ್ಬಿ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ಗಿರಣಿಯೊಳಗೆ ತಿರುಗಿ ನೋಡಿದರು.

ದತ್ತಾತ್ರಿಗೆ ಕಂಡದ್ದು ಅಷ್ಟೇ. ಇಷ್ಟೊಂದು ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ತನ್ನನ್ನೇ ನೋಡುತ್ತಿದ್ದಾರೆ. ಮೊದಲು ಪೈಜಾಮದ ಲಾಡಿ ಮುಟ್ಟಿ ನೋಡಿಕೊಂಡ. ಗಟ್ಟಿಯಾಗಿತ್ತು. ಬೆನ್ನ ಹಿಂದೆ ಹಾವು ಗೀವು ಬಂದಿದೆಯೇನೋ ಎಂದು ತಿರುಗಿ ನೋಡಿದ. ಅದೂ ಇರಲಿಲ್ಲ. ಮೋಟರು ಬಂದ್ ಮಾಡಿ ಕಿವಿಯ ಹತ್ತಿ ಕಿತ್ತ.

"ದತ್ತಣ್ಣಾ, ಆರಾಮ ಇದ್ದೀಯಿಲ್ಲಪಾ?" ಎಂದಳು ಕುಸುಮಬಾಯಿ.

ದತ್ತಾತ್ರಿಯ ಎದೆ ಧಸಕ್ಕೆಂದಿತು. ಕುಸುಮಬಾಯಿ ಅವನ ಗೋಡೆಗೆ ಗೋಡೆ ಹಚ್ಚಿದ ನೆರೆಯವಳು. ತನ್ನ ಡಬ್ಬಿಯ ಹಿಟ್ಟು ಕದಿಯುತ್ತಾನೆಂದು ವರ್ಷಗಟ್ಟಲೆ ಅವನೊಂದಿಗೆ ಗುದ್ದಾಡುತ್ತ ಬಂದವಳು. ಅವಳ ಬಾಯಿಂದ ಇಷ್ಟು ಮೆತ್ತಗಿನ ಮಾತು ಅವನು ಹಿಂದೆಂದೂ ಕೇಳಿರಲಿಲ್ಲ.

"ಯಾಕ, ಏನಾತು?"

"ಏನಿಲ್ಲಪಾ. ಇನ್ಮ್ಯಾಲ ಹಿಟ್ಟು ಒಂದ್ ಮುಟಗಿ ಕಮ್ಮಿ ಬಂದ್ರೂ ನಾ ಏನೂ ಅನ್ನಂಗಿಲ್ಲ. ಇರೋತನಕ ತಿನ್ನು."

"ನಂದು ಮೊದಲ ಬೀಸಿಕೊಟ್ಟುಬಿಡು ದತ್ತಣ್ಣಾ," ಎಂದು ಅನುಸೂಯಾಬಾಯಿ ತನ್ನ ಡಬ್ಬಿಯನ್ನು ಸಾಲು ತಪ್ಪಿಸಿ ಮುಂದೆ ನೂಕಿದಳು. "ನಾಳಿ ಅಂದ್ರ ಏನೋ ಎಂತೋ."

ಆಮೇಲೆ ರೇವಣಸಿದ್ಧಪ್ಪ ಸುದ್ದಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದ. ಐವತ್ತು ದಾಟಿದ, ಮಕ್ಕಳಿಲ್ಲದ ದತ್ತಾತ್ರಿ ಕಂಬ ಹಿಡಿದುಕೊಂಡು ಕೇಳಿದ. ಕೇಳುತ್ತಿದ್ದಂತೆ ಅವನಿಗೆ ಕೆಮ್ಮು ಬಂತು. ಹಿಟ್ಟಿನ ಧೂಳಿನ ಆ ಕೆಮ್ಮು ಅವನಿಗೆ ದಿನವೂ ಬರುತ್ತಿತ್ತು, ಯಾರೂ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಇವತ್ತು ಮಾತ್ರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚ್ಚು ಚ್ಚು ಎಂದರು.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೇ? ಚಹಾದಂಗಡಿಯವನು ಹೇಳದೆಯೇ ಚಹಾ ಕಳಿಸಿದ, ಸಕ್ಕರೆ ಜಾಸ್ತಿ ಹಾಕಿ. ಟಮಟಮ ರಿಕ್ಷಾ ಓಡಿಸುವ ಭೀಮಾಶಂಕರ ಬಂದು ಗಿರಣಿಯ ಗೋಡೆಗಳನ್ನು ಗೇಣು ಹಾಕಿ ಅಳೆಯತೊಡಗಿದ.

"ಏನ್ ಮಾಡ್ಲತ್ತೀಯೋ?" ಎಂದ ದತ್ತಾತ್ರಿ.

"ಏನಿಲ್ಲ ಮಾಮಾ, ನಮ್ಮ ಅಳಿಯಾಗ ಮೋಬೈಲ್ ದುಕಾನ ಹಾಕಾಕ ಜಾಗಾ ಬೇಕಾಗ್ಯದ. ಗಡಬಡ ಏನಿಲ್ಲ. ನಿಮ್ದು ಆದ ಮ್ಯಾಲ."

ದತ್ತಾತ್ರಿ ಗಿರಣಿಗೆ ಬೀಗ ಜಡಿದು ಮನೆಗೆ ನಡೆದ. ಹೆಂಡತಿಯ ಮುಂದೆ ಕೂತು ಒಂದಿಷ್ಟು ಸಮಾಧಾನದ ಮಾತು ಕೇಳಬೇಕೆನಿಸಿತ್ತು. ಆದರೆ ಹೊಸ್ತಿಲಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿತು. ಆ ಬಡಿತದ ರಭಸದಿಂದಲೇ ಸುದ್ದಿ ತನಗಿಂತ ಮೊದಲು ಮನೆ ಮುಟ್ಟಿದೆ ಎಂದು ತಿಳಿದುಕೊಂಡ.

"ಕೇಳಿದೇನ?" ಎಂದ. "ನಾ ಜಲ್ದಿ ಹೋಗ್ತೀನಂತ."

"ನೀವೊಬ್ರೇ ಹೋಗ್ತೀರೇನು?" ಸುಮಿತ್ರಾಬಾಯಿ ತಿರುಗಿಯೂ ನೋಡಲಿಲ್ಲ. "ನಂಗೇನ್ ಅಂಗಳ ತುಂಬ ಮಕ್ಕಳವೇನು? ಮುಂಜಾನಿಂದ ಓಣಿ ಮಂದೆಲ್ಲ ಬಂದು 'ಪಾಪ, ದತ್ತಣ್ಣ, ಪಾಪ, ದತ್ತಣ್ಣ' ಅನ್ಲತ್ತಾರ. ನಂದು ಆಯುಷ್ಯ ಅಲ್ಲೇನು?"

ಈ ವಿಚಾರ ದತ್ತಾತ್ರಿಯ ತಲೆಗೆ ಹೊಳೆದೇ ಇರಲಿಲ್ಲ. ಗೋಡೆಗೆ ಒರಗಿ ಕೂತ.

"ಭೂಕಂಪ ಆದಾಗ ನಾ ಏನಂದಿದ್ದೆ?" ಅವಳ ಕೈ ರೊಟ್ಟಿಯ ಮೇಲೆ ನಿಂತಿತು. "ಮನಿ ಬಿದ್ದವ್ರ ಡೇರೇದಾಗ ಒಂದ್ ಅನಾಥ ಹುಡುಗಿ ನನ್ನ ಸೆರಗು ಹಿಡಕೊಂಡು ಬಿಡವಲ್ದಾಗಿತ್ತು. ಮನೀಗಿ ಕರ್ಕೊಂಡು ಹೋಗಮು, ಸರಕಾರದವ್ರಿಗಿ ಕೇಳಮು ಅಂದೆ. 'ತಡಿ, ನಮಗೇ ಆಗ್ತಾವ' ಅಂದ್ರಿ ನೀವು. ತಡದೆ. ತಡದು ತಡದು ತಲಿ ಬೆಳ್ಳಗಾತು."

ಆ ಮಾತನ್ನು ಅವಳು ಇಷ್ಟು ವರ್ಷ ಎತ್ತಿರಲಿಲ್ಲ. ಅವಳು ಎತ್ತಲಿಲ್ಲವೆಂದು ಅವನೂ ಮರೆತವನ ಹಾಗೆ ಇದ್ದುಬಿಟ್ಟಿದ್ದ. ಈಗ ನಾಚಿಕೆಯಾಯಿತು, ಅವಳ ಮೇಲೆ ಮರುಕವೂ ಉಕ್ಕಿತು. ಅವಳು ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡು, "ನೀವು ಹೋದ್ರ ನಾ ಯಾರ ಸಂಗಾಟ ಜಗಳಾಡ್ಲಿ?" ಎಂದಾಗ ಅವನ ಕಣ್ಣಲ್ಲೂ ನೀರು ಬಂತು.

"ಆತು. ಇವತ್ತೇ ತರ್ತೀನಿ," ಎಂದ.

"ಏನು?"

"ಕೂಸು."

"ಬದನಿಕಾಯಿ ಏನ್ರೀ ಅದು, ಹೋಗಿ ಹಿಡಿದು ನೋಡಿ ತರಾಕ?"

ಉತ್ತರ ಹೊರಗಿನಿಂದ ಬಂತು. "ತರ್ಬಹುದು ಸುಮಿತ್ರಾಬಾಯಿ, ತರ್ಬಹುದು!" ರೇವಣಸಿದ್ಧಪ್ಪ ಅಷ್ಟು ಹೊತ್ತೂ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ. ಗೋಡೆಯ ಮೇಲಿನಿಂದ ಕುಸುಮಬಾಯಿಯ ತಲೆಯೂ ಮೂಡಿತು. ಅಷ್ಟು ಚೆನ್ನಾಗಿ ಕಾಣಬೇಕಾದರೆ ಅವಳು ಸ್ಟೂಲಿನ ಮೇಲೆ ನಿಂತಿರಲೇಬೇಕು.

ರೇವಣಸಿದ್ಧಪ್ಪನಿಗೆ ಯೆಣೆಗೂರಿನಾಚೆಯ ಒಂದು ಊರಿನಲ್ಲಿ ಬೀರಣ್ಣ ಎಂಬ ಕುರಿಗಾರನ ಪರಿಚಯವಿತ್ತು. ಬಸ್ಸಿನಲ್ಲಿ ಕಂಬಳಿಯೊಳಗೆ ಮರಿ ಬಚ್ಚಿಟ್ಟುಕೊಂಡು ಬರುತ್ತಿದ್ದವನನ್ನು ಹಿಡಿದೂ ಹಿಡಿದೂ ಸ್ನೇಹವಾಗಿತ್ತು. "ಬೀರಪ್ಪ ದೇವರ ಒಕ್ಕಲು, ನಿಮ್ಮಂಗೇ. ಮನಿ ತುಂಬ ಕೂಸುಗೋಳು. ಒಂದು ಕೊಟ್ರ ಅವ್ರಿಗಿ ಗೊತ್ತೂ ಆಗಂಗಿಲ್ಲ," ಎಂದವನೇ ಮೊಬೈಲು ಹಚ್ಚಿದ. ಮೊಬೈಲಿನಲ್ಲೂ ಅವನು ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಹಾಗೆಯೇ ಮಾತಾಡುತ್ತಿದ್ದ. "ಹಲೋ ಬೀರಣ್ಣಾ! ದತ್ತಕದ ಮಾತು ಇತ್ತು! ಹಾಂ! ನಮ್ಮಲ್ಲಿ ಒಬ್ಬಾಂವ ಇದ್ದಾನ! ಭಾಳ ಒಳ್ಳೇಂವ!"

ಆ ಕಡೆಯಿಂದ ಬಂದ ಮಾತು ಕೇಳಿ ಅವನ ಮುಖ ಅರಳಿತು. "ನೋಡ್ರಿ ದೇವರಾಟ! ಅವರ ಮನ್ಯಾಗೂ ಮುಂಜಾನಿಂದ ದತ್ತಕದ್ದೇ ಮಾತು ನಡದದಂತ. ದಿನಾ ಚಲೋ ಅದ, ಇವತ್ತೇ ಕರ್ಕೊಂಡು ಬರ್ರಿ, ಸಂಜಿ ಒಳಗ ಮುಗಿಸಿಬಿಡಮು ಅಂದ್ರು!"

ತಾನೂ ಬರುತ್ತೇನೆಂದು ಸುಮಿತ್ರಾಬಾಯಿ ಎದ್ದಳು. ರೇವಣಸಿದ್ಧಪ್ಪ ತಡೆದ. ಕೂಸು ಹೊಸ್ತಿಲಿಗೆ ಬಂದಾಗ ಆರತಿ ಬೆಳಗಲು ಮನೆಯಾಕೆ ಮನೆಯಲ್ಲೇ ಇರಬೇಕಂತೆ. ಕುಸುಮಬಾಯಿ ಅದಕ್ಕೆ ಹೌದೆಂದಳು; ತನ್ನ ಮೊಮ್ಮಗನ ಕುಂಚಿಗೆಯನ್ನೂ ತೊಟ್ಟಿಲನ್ನೂ ಹುಡುಕಲು ಸ್ಟೂಲಿನಿಂದ ಧುಮುಕಿದಳು. ದತ್ತಾತ್ರಿ ಮೈಮೇಲಿನ ಹಿಟ್ಟು ಕೂಡ ಕೊಡವದೆ ಭೀಮಾಶಂಕರನ ಟಮಟಮ ಹತ್ತಿದ. ದಾರಿಯಲ್ಲಿ ಒಂದು ಗಿಲಕಿ, ಒಂದು ಬಿಸ್ಕೀಟಿನ ಪುಡಿಕೆ ಕೊಂಡ.

ಬಿಸಿಲು ಜೋರಾಗಿತ್ತು. ಬೆವರು ಇಳಿದು ತಲೆಯ ಹಿಟ್ಟಿಗೆ ಸೇರಿ, ಯೆಣೆಗೂರು ಬರುವಷ್ಟರಲ್ಲಿ ದತ್ತಾತ್ರಿಯ ಕಿವಿಯ ಹಿಂದೆ ಒಂದು ರೊಟ್ಟಿಗಾಗುವಷ್ಟು ಕಣಕವಾಗಿತ್ತು.

ಬೀರಣ್ಣನದು ಭೂಕಂಪವಾದ ಮೇಲೆ ಹೊಸ ಜಾಗದಲ್ಲಿ ಕಟ್ಟಿದ ಊರು. ಓಣಿಗಳೆಲ್ಲ ದಾರ ಹಿಡಿದು ಎಳೆದಂತೆ ನೆಟ್ಟಗೆ, ಮನೆಗಳೆಲ್ಲ ಒಂದೇ ಅಚ್ಚು. ಅವರು ಮೊದಲು ಹೊಕ್ಕದ್ದು ಬೇರೆಯವರ ಮನೆ. ಅಲ್ಲಿ ಚಹಾ ಕುಡಿದು, ದತ್ತಾತ್ರಿ ಅಲ್ಲಿಯ ಕೂಸೊಂದನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಇದನ್ನೇ ಕೊಡ್ತೀರೇನ್ರಿ?" ಎಂದು ಕೇಳಿದ ಮೇಲೆ ಆ ಮನೆಯಾಕೆ ಒನಕೆ ತಗೊಂಡು ಬಂದಳು. ಟಮಟಮದ ಒಂದು ದೀಪ ಹೋಯಿತು. ಊರಿನವರೇ ದಾರಿ ತೋರಿಸಿ ಬೀರಣ್ಣನ ಬಾಗಿಲಿಗೆ ಮುಟ್ಟಿಸಿದರು.

ಬೀರಣ್ಣ ಕೈ ಹಿಡಿದು ಒಳಗೆ ಕರೆದೊಯ್ದ. ಅಂಗಳದ ತುಂಬ ಮಕ್ಕಳೂ ಆಡಿನ ಮರಿಗಳೂ ಕೂಡಿಯೇ ಓಡಾಡುತ್ತಿದ್ದವು. ಒಳಗೆ ಕಂಬಳಿಯ ಮೇಲೆ ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಒಬ್ಬಳು ಬೀರಣ್ಣನ ತಾಯಿ ಗುರಮ್ಮ, ಇನ್ನೊಬ್ಬಳು ದೊಡ್ಡಪ್ಪನ ಹೆಂಡತಿ ಬಾಳಮ್ಮ. ಬಾಳಮ್ಮನಿಗೆ ಒಂದು ಹಲ್ಲೂ ಇರಲಿಲ್ಲ, ಕಣ್ಣು ಮಾತ್ರ ಗಿಡುಗನ ಕಣ್ಣು.

"ಬೆಡಗು ಯಾವುದ್ರಿ?" ಎಂದು ಬೀರಣ್ಣ ಕುಲಗೋತ್ರದಿಂದ ಶುರು ಮಾಡಿದ. ದತ್ತಾತ್ರಿ ಹೇಳಿದ. "ಚಲೋ ಆತು. ತಾಯಿ-ತಂದಿ?"

"ಹೋಗಿ ಭಾಳ ದಿನ ಆತ್ರಿ."

"ಪಾಪ," ಎಂದಳು ಬಾಳಮ್ಮ, ಬಹಳ ಸಂತೋಷದಿಂದ.

"ದಾರೂ?"

"ಮುಟ್ಟಂಗಿಲ್ರಿ."

"ಹೋಳಿ ಹುಣ್ಣಿಮಿಗೊಮ್ಮೆ," ಎಂದ ರೇವಣಸಿದ್ಧಪ್ಪ, ಸತ್ಯಕ್ಕೆ ಲೋಪ ಬರಬಾರದೆಂದು. ದತ್ತಾತ್ರಿ ಅವನ ಕಾಲು ತುಳಿದ.

ಬಾಳಮ್ಮ ಎದ್ದು ಬಂದು, "ಬಾಯಿ ತಗಿ," ಎಂದಳು. ದತ್ತಾತ್ರಿ ಬಾಯಿ ತೆರೆದ. ಆಕೆ ಹಲ್ಲು ನೋಡಿದಳು, ರಟ್ಟೆ ಹಿಚುಕಿದಳು, ದೇವಣಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ಒಂದು ಸುತ್ತು ಬಂದು ಬೆನ್ನಿಗೆ ಗುದ್ದಿದಳು. ಕೂಸು ಕೊಡುವವರು ಇಷ್ಟಾದರೂ ವಿಚಾರಿಸದಿದ್ದರೆ ಹೇಗೆ ಎಂದು ದತ್ತಾತ್ರಿ ಮನಸ್ಸಿನಲ್ಲೇ ಆ ಮುದುಕಿಯನ್ನು ಮೆಚ್ಚಿಕೊಂಡ.

"ಈ ಕೆಮ್ಮು ಎದರದು?"

"ಹಿಟ್ಟಿಂದು ಆಯಿ, ರೋಗದ್ದಲ್ಲ."

"ಸಿಟ್ಟು ಬರ್ತದೇನು?"

"ನಮ್ಮ ಮನ್ಯಾಗ ಆ ಕೆಲಸ ಆಕೀದು."

"ಹೇಣ್ತಿ ರೊಟ್ಟಿ ಮೆತ್ತಗ ಮಾಡ್ತಾಳಿಲ್ಲೋ? ಹಲ್ಲಿಲ್ಲದವ್ರು ತಿನ್ನಂಗ?"

ಎಳೆ ಕೂಸಿಗೆ ಹಲ್ಲೆಲ್ಲಿಂದ ಬರಬೇಕು ಎಂದುಕೊಂಡ ದತ್ತಾತ್ರಿ. "ಹಾಲಾಗ ಕಲಸಿ ತನ್ನ ಕೈಲೆ ತಿನಸ್ತಾಳ ಆಯಿ. ಕೂಸಿನ ಸಲುವಾಗಿ ಜೀವ ಬಿಡ್ತಾಳ ಆಕಿ."

ಬಾಳಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೊರಗ ಮಲಗಾಕ ಜಾಗಾ ಅದೇನು? ಭೂಕಂಪ ಆದಾಗಿಂದ ನಮ್ಮ ಮನ್ಯಾಗ ಛತ್ತಿನ ಕೆಳಗ ಮಲಗೂ ರೂಢಿ ಇಲ್ಲ."

"ಬೇವಿನ ಗಿಡದ ಕೆಳಗ ನಂದೇ ಹೊರಸು ಅದ. ಬಿಟ್ಟುಕೊಡ್ತೀನಿ."

ಇಷ್ಟರಲ್ಲಿ ಮೂಗು ಸೋರುವ ಒಂದು ಪುಟ್ಟ ಹುಡುಗಿ ಬಂದು ದತ್ತಾತ್ರಿಯ ಪಾದದ ಮೇಲೆಯೇ ಕೂತುಬಿಟ್ಟಿತು. ಹೆಸರು ಸಪ್ನಾ. ಬಿಸ್ಕೀಟು ಕೊಟ್ಟ, ಗಿಲಕಿ ಕೊಟ್ಟ. ಅದು ಬಿಸ್ಕೀಟನ್ನು ಆಡಿಸಿ ಗಿಲಕಿಯನ್ನು ಕಚ್ಚಿತು. ಅದರ ಬೆಚ್ಚಗಿನ ಭಾರ ಪಾದದ ಮೇಲೆ ಇದ್ದಷ್ಟು ಹೊತ್ತು ದತ್ತಾತ್ರಿ ಕಾಲು ಅಲ್ಲಾಡಿಸಲಿಲ್ಲ. ಆಯುಷ್ಯದ ಮಾತೇ ಅವನಿಗೆ ಮರೆತುಹೋಯಿತು. ಈ ಹುಡುಗಿಯನ್ನು ನೋಡಿ ಸುಮಿತ್ರಾಳ ಮುಖ ಹೇಗಾದೀತು ಎಂಬುದೊಂದೇ ಕಣ್ಣಮುಂದೆ ನಿಂತಿತು.

"ನಮಗ ಒಪ್ಪಿಗಿ ಅದ," ಎಂದು ಬೀರಣ್ಣ ಎದ್ದ. "ನಿಮ್ಮ ಕಡಿಂದ ಹಿರಿಯರು ಯಾರು?"

"ನಾನೇ!" ಎಂದು ರೇವಣಸಿದ್ಧಪ್ಪ ಎದೆ ಉಬ್ಬಿಸಿದ.

ದೇವರ ಮುಂದೆ ಭಂಡಾರದ ತಟ್ಟೆ ಬಂತು. ಬೀರಪ್ಪನ ಒಕ್ಕಲಿನವರು ಅರಿಸಿನದ ಈ ಪುಡಿಯನ್ನು ಕೈಯಲ್ಲಿ ಹಿಡಿದು ಮಾತು ಕೊಟ್ಟರೆ ಮುಗಿಯಿತು. ಕೋರ್ಟಿನಲ್ಲಿ ಹೇಳಿದ್ದನ್ನು ಬೇಕಾದರೆ ತಿರುಗಿಸುತ್ತಾರೆ, ಭಂಡಾರ ಎತ್ತಿ ಹೇಳಿದ್ದನ್ನು ತಿರುಗಿಸುವುದಿಲ್ಲ. ಬೀರಣ್ಣ ಹೇಳಿಕೊಟ್ಟ, ದತ್ತಾತ್ರಿ ಭಂಡಾರ ಹಿಡಿದು ಹೇಳಿದ: "ಇವತ್ತು ಕೂಡಿದ್ದ ಸಂಬಂಧ ಜೀವ ಇರೋತನಕ ಬಿಡಂಗಿಲ್ಲ. ಹೊಟ್ಟಿಗಿ ಬಟ್ಟಿಗಿ ಕಮ್ಮಿ ಮಾಡಂಗಿಲ್ಲ. ಏನೇ ಹಟ ಮಾಡಿದ್ರೂ ಮನಿಂದ ಹೊರಗ ಹಾಕಂಗಿಲ್ಲ."

ಬಾಳಮ್ಮ ಕಂಬಳಿಯ ಮೇಲೆ ಕೂತು ಬೊಗಸೆ ಮುಂದೆ ಚಾಚಿದಳು. ಬೀರಣ್ಣ ರೇವಣಸಿದ್ಧಪ್ಪನ ಕೈಗೆ ತಂಬಿಗೆ ಕೊಟ್ಟು, "ಬಿಡ್ರಿ ನೀರು," ಎಂದ. ದತ್ತಕದಲ್ಲಿ ಕೊಡುವವರು ತೆಗೆದುಕೊಳ್ಳುವವರ ಕೈಗೆ ನೀರು ಬಿಡಬೇಕು, ಆಗಲೇ ಅದು ಪಕ್ಕಾ. ರೇವಣಸಿದ್ಧಪ್ಪ ಪೇಪರಿನಲ್ಲಿ ಇದನ್ನು ಓದಿರಲಿಲ್ಲ. ಮುದುಕಿ ಊಟಕ್ಕೆ ಕೈ ತೊಳೆಯುತ್ತಿದ್ದಾಳೆಂದು ತಿಳಿದು ಧಾರಾಳವಾಗಿ ಸುರಿದ. "ಇನ್ನೊಂದಿಷ್ಟು ಹಾಕ್ಲೇನು ಆಯಿ?" ಎಂದೂ ಕೇಳಿದ.

"ಸಾಕು. ಉಡಿ ತುಂಬಿತು," ಎಂದು ಬಾಳಮ್ಮ ಸೆರಗನ್ನು ತೊಡೆಯ ಮೇಲೆ ಅಗಲವಾಗಿ ಹರವಿದಳು.

ಆ ಉಡಿಯೊಳಗಿಂದಲೇ ಕೂಸನ್ನು ಎತ್ತಿ ತನಗೆ ಕೊಡುತ್ತಾರೆಂದು ದತ್ತಾತ್ರಿ ತನ್ನ ಟುವಾಲು ಬಿಚ್ಚಿ ಹಿಡಿದುಕೊಂಡು ಮುಂದೆ ಬಾಗಿದ. ಹಿಂದಿನಿಂದ ಬೀರಣ್ಣ ಭುಜ ಹಿಡಿದು ನೂಕಿದ. ದತ್ತಾತ್ರಿ ಧಡಲ್ಲನೆ ಬಾಳಮ್ಮನ ತೊಡೆಯ ಮೇಲೆ ಕೂತ. ಮೈಯಿಂದ ಬಿಳಿ ಹಿಟ್ಟು ಎದ್ದಿತು, ಮೇಲಿನಿಂದ ಹಳದಿ ಭಂಡಾರ ಬಿತ್ತು. ಡೊಳ್ಳು ಗುಡುಗಿತು. ಯಾರೋ ಬಾಯಿಗೆ ಮುಷ್ಟಿ ತುಂಬ ಸಕ್ಕರೆ ತುರುಕಿದರು.

"ಹಗೂರಪಾ, ತೊಡಿ ಮುರದಿ!" ಎಂದಳು ಬಾಳಮ್ಮ, ಆದರೂ ಬಿಡದೆ ಎರಡೂ ಕೈಯಿಂದ ಅವನ ಸೊಂಟ ಹಿಡಿದುಕೊಂಡಳು. ಮಂದಿ ಎಲ್ಲ "ಮಗ ಬಂದಾ, ಮಗ ಬಂದಾ!" ಎಂದು ಕೂಗಿದರು.

ದತ್ತಾತ್ರಿ ಸಕ್ಕರೆ ನುಂಗಿ, ಕಣ್ಣಿನ ಭಂಡಾರ ಒರೆಸಿಕೊಂಡು ಎದ್ದ. "ಭಾಳ ಉಪಕಾರ ಆತ್ರಿ. ಇನ್ನ ಕೂಸಿನ್ನ ಕೊಡ್ರಿ, ಹೊತ್ತು ಮುಣಗ್ಲತ್ತದ."

"ಯಾವ ಕೂಸು?" ಎಂದ ಬೀರಣ್ಣ.

"ಈಕೀನ್ನ. ಸಪ್ನಾ."

"ಆಕಿ ನನ್ನ ಮೊಮ್ಮಗಳು! ಆಕೀನ್ನ ಯಾಕ ಕೊಡ್ಲಿ?"

"ಮತ್ತ ದತ್ತಕ?"

"ಆತಲ್ಲೋ ತಮ್ಮಾ!" ಬೀರಣ್ಣ ಆಗಲೇ 'ರೀ' ಬಿಟ್ಟು ತಮ್ಮನನ್ನಾಗಿ ಮಾಡಿಕೊಂಡಿದ್ದ. "ನಮ್ಮ ದೊಡ್ಡವ್ವ ನಿನ್ನ ದತ್ತಕ ತಗೊಂಡಾಳ."

ಡೊಳ್ಳು ನಿಂತಿತು. ದತ್ತಾತ್ರಿ ರೇವಣಸಿದ್ಧಪ್ಪನ ಮುಖ ನೋಡಿದ. ರೇವಣಸಿದ್ಧಪ್ಪ ಖಾಲಿ ತಂಬಿಗೆಯೊಳಗೆ ನೋಡಿದ.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಅದೇ ಪೇಪರು ಈ ಊರಿಗೂ ಬಂದಿತ್ತು. ಅದೇ ಸುದ್ದಿಯನ್ನು ಬೀರಣ್ಣ ಬೆಳಿಗ್ಗೆ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಬಾಳಮ್ಮನಿಗೆ ಮಕ್ಕಳಿಲ್ಲ, ನೆಗೆಣ್ಣಿ ಗುರಮ್ಮನಿಗೆ ಹೊಟ್ಟೆ ತುಂಬ ಮಕ್ಕಳು. ಗುರಮ್ಮನ ಮಣ್ಣು ಮುಗಿಸಿ, ಅವಳ ದಿನದ, ಅಂದರೆ ತಿಥಿಯ, ಊಟ ಉಂಡು, ಆಮೇಲೆಯೇ ತಾನು ಕಣ್ಣು ಮುಚ್ಚುವುದೆಂದು ಬಾಳಮ್ಮ ಎಂದೋ ಪಣ ತೊಟ್ಟಿದ್ದಳು. ಆ ಪಣಕ್ಕೆ ಈಗ ಒಬ್ಬ ಮಗ ಬೇಕಾದ. ಇಬ್ಬರು ಮುದುಕಿಯರ ನಡುವೆ ಅರೆದುಹೋಗಿದ್ದ ಬೀರಣ್ಣನಿಗೆ, ಒಬ್ಬಳನ್ನು ಕರೆದುಕೊಂಡು ಹೋಗುವ ಮಗ ಮುರುಮಿನಿಂದ ತಾನಾಗಿ ಫೋನು ಮಾಡಿದಾಗ ಬೀರಪ್ಪನೇ ಕಣ್ಣು ತೆರೆದಂತಾಗಿತ್ತು.

"ನಂಗ ಐವತ್ತು ದಾಟ್ಯಾವ ಆಯಿ! ಹೇಣ್ತಿ ಅದಾಳ!" ಎಂದು ದತ್ತಾತ್ರಿ ಅಂಗಲಾಚಿದ.

"ಇರ್ಲಿ ಬಿಡು. ನಮ್ಮ ಕಡಿ ಮೊಮ್ಮಕ್ಕಳಿದ್ದಾಂವನೂ ದತ್ತಕ ಹೋಗ್ಯಾನ," ಎಂದಳು ಬಾಳಮ್ಮ. "ಸಣ್ಣ ಕೂಸು ತಗೊಂಡು ನಾ ಏನ್ ಮಾಡ್ಲಿ? ಈ ವಯಸ್ಸಿನ್ಯಾಗ ಕುಂಡಿ ತೊಳೀಲೇನು? ನನಗ ತಯಾರ್ ಇದ್ದಾಂವಾನೇ ಬೇಕಿತ್ತು." ಹೇಳುತ್ತ ಹೇಳುತ್ತ ಸೆರಗಿನ ತುದಿಗೆ ಉಗುಳು ಹಚ್ಚಿ ಅವನ ಕಿವಿಯ ಹಿಂದಿನ ಕಣಕ ತಿಕ್ಕತೊಡಗಿದಳು.

"ಕಾಕಾ, ಏನರೆ ಅನ್ರಿ!"

"ಏನನ್ಲೋ?" ರೇವಣಸಿದ್ಧಪ್ಪನ ಗಂಟಲು ಜೀವಮಾನದಲ್ಲೇ ಮೊದಲ ಸಲ ಕುಗ್ಗಿತ್ತು. "ನೀರು ಬಿಟ್ಟಾಂವ ನಾನೇ. ನೀ ಭಂಡಾರ ಎತ್ತಿದಿ. ಬೀರಪ್ಪನ ಸಂಗಾಟ ಯಾರು ಬಡದಾಡ್ಬೇಕು?"

ಯಾರ ಮನಸ್ಸೂ ಬದಲಾಗುವ ಮುಂಚೆ ಬೀರಣ್ಣ ಟ್ರಂಕು ಹೊರಗೆ ತಂದ. ಅದನ್ನು ಟಮಟಮಕ್ಕೆ ಏರಿಸಿದ್ದು ಗುರಮ್ಮ. ಸೊಂಟ ನೋವೆಂದು ವರ್ಷದಿಂದ ಕಸ ಹೊಡೆಯದಿದ್ದ ಹೆಂಗಸು ಅಷ್ಟು ದೊಡ್ಡ ಟ್ರಂಕನ್ನು ಒಬ್ಬಳೇ ಎತ್ತಿ ಇಟ್ಟಳು. ದತ್ತಾತ್ರಿಗೆ, "ಬರಬರ್ತಿರಪಾ. ನೀ ಒಬ್ಬಾಂವನೇ ಬಂದ್ರೂ ನಡೀತದ," ಎಂದೂ ಹೇಳಿದಳು.

ದಾರಿಯುದ್ದಕ್ಕೂ ಬಾಳಮ್ಮ ಮಗನ ರಟ್ಟೆ ಬಿಡಲಿಲ್ಲ. "ಕೈ ಹೊರಗ ಹಾಕಬ್ಯಾಡ. ಗಾಳ್ಯಾಗ ಬಾಯಿ ಮುಚ್ಚು." ಭೀಮಾಶಂಕರ ಹಿಂದೆ ತಿರುಗಿ, "ಮಾಮಾ, ಈಗ ನಿಮಗ ಅರ್ಧ ತಿಕೀಟು ಹಿಡೀಲೇನು?" ಎಂದು ಕೇಳಿದ. ದತ್ತಾತ್ರಿಗೆ ಅದು ಕೇಳಿಸಲಿಲ್ಲ. ಹೆಂಡತಿಗೆ ಏನು ಹೇಳಲಿ ಎಂದು ಅವನು ಒಂದೊಂದೇ ಮಾತು ಜೋಡಿಸುತ್ತಿದ್ದ. ಜೋಡಿಸಿದ್ದೆಲ್ಲ ಪ್ರತಿ ತಗ್ಗಿಗೂ ಚೆದುರುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಟಮಟಮ ಓಣಿ ಹೊಕ್ಕಿತು. ಓಣಿಗೆ ಓಣಿಯೇ ಬಾಗಿಲಲ್ಲಿ ನೆರೆದಿತ್ತು. ಸುಮಿತ್ರಾಬಾಯಿ ಮದುವೆಯ ಇಳಕಲ್ ಸೀರೆ ಉಟ್ಟು ಆರತಿ ಹಿಡಿದು ನಿಂತಿದ್ದಳು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ಅವಳು ಅಷ್ಟು ಚೆಂದ ಕಂಡು ಎಷ್ಟೋ ವರ್ಷವಾಗಿತ್ತು. ಅದನ್ನು ನೋಡಿ ದತ್ತಾತ್ರಿಗೆ ಟಮಟಮದೊಳಗೇ ಸತ್ತುಹೋಗಬೇಕೆನಿಸಿತು.

"ಗಂಡೋ, ಹೆಣ್ಣೋ?" ಎಂದು ಕುಸುಮಬಾಯಿ ಕೂಗಿದಳು.

"ಹೆಣ್ಣು," ಎಂದ ಭೀಮಾಶಂಕರ.

"ಅಗಂಬಾಯಿ! ಲಕ್ಷ್ಮಿ ಬಂದಳು! ಎಷ್ಟು ದೊಡ್ಡದದ?"

"ನೀವೇ ನೋಡ್ರಿ."

ಬಾಳಮ್ಮ ಹಿಂದುಮುಂದಾಗಿ, ಒಂದು ಕಾಲು ನೆಲ ತಡಕಾಡುತ್ತ ಇಳಿದಳು. ಇಳಿದು ಸೀರೆ ಕೊಡವಿಕೊಂಡು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಕುಸುಮಬಾಯಿಯ ಕೈಯ ಕುಂಚಿಗೆ ನೆಲಕ್ಕೆ ಬಿತ್ತು.

"ಸುಮಿತ್ರಾ, ಇವರು... ನಮ್ಮವ್ವ," ಎಂದ ದತ್ತಾತ್ರಿ.

"ನಿಮ್ಮವ್ವ ತೀರಿಕೊಂಡು ಯಾವ ಕಾಲ ಆತು!"

"ಅದು ಮೊದಲಿನಾಕಿ."

ಸುಮಿತ್ರಾಬಾಯಿ ಗಂಡನ ಮುಖ ನೋಡಿದಳು. ಅರ್ಧ ಬಿಳಿ, ಅರ್ಧ ಹಳದಿ, ಗಲ್ಲದ ತುಂಬ ಸಕ್ಕರೆ. ಅವಳಿಗೆ ನಗು ಬಂತು. ನಗು ತಡೆಯಲು ಹೋಗಿ ಅಳು ಬಂತು. ಎರಡೂ ಕೂಡಿಯೇ ಬಂದವು. ಹೊತ್ತಿಸಿದ ಆರತಿಯನ್ನು ಸುಮ್ಮನೆ ಆರಿಸುವುದು ಚಲೋ ಅಲ್ಲ ಎಂದು ಅಕ್ಕಪಕ್ಕದವರು ಗುಸುಗುಸು ಅಂದರು. ಅವಳು ಬಾಳಮ್ಮನಿಗೆ ಆರತಿ ಬೆಳಗಿದಳು.

ಬಾಳಮ್ಮ ಒಳಗೆ ಬಂದು ತೊಟ್ಟಿಲು ನೋಡಿದಳು. "ಇದು ಎದಕ?"

"ಏನಿಲ್ಲ ಅತ್ತಿ. ಹಂಗೇ," ಎಂದಳು ಸುಮಿತ್ರಾಬಾಯಿ, ಮುಖ ಅತ್ತ ಮಾಡಿ.

"ಚಲೋ ಆತು," ಎಂದು ಬಾಳಮ್ಮ ತನ್ನ ಎಲೆ-ಅಡಿಕೆಯ ಚೀಲವನ್ನು ಅದರಲ್ಲಿಟ್ಟು, ಬೇವಿನ ಗಿಡದ ಕೆಳಗಿನ ಹೊರಸಿನ ಮೇಲೆ ಕಾಲು ಚಾಚಿ ಕೂತಳು. ಸುಮಿತ್ರಾಬಾಯಿ ಒಲೆಯ ಮುಂದೆ ಹೋಗಿ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ತಂದಳು. ಮುದುಕಿ ಬಾಯಿ ತೆರೆದಳು. ಇವಳು ತುತ್ತು ಮಾಡಿ ತಿನ್ನಿಸಿದಳು. "ಉಪ್ಪು ಕಮ್ಮಿ ಅದ," ಎಂದಳು ಬಾಳಮ್ಮ. "ಹಲ್ಲಿಲ್ಲದ ಬಾಯಿಗಿ ಉಪ್ಪು ಹೆಂಗ ತಿಳೀತದೋ ನಂಗೊತ್ತಿಲ್ಲ," ಎಂದಳು ಸುಮಿತ್ರಾಬಾಯಿ. ಅಷ್ಟೇ ಸಾಕಾಯಿತು. ಹಾಲು ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಒಂದು ಒಳ್ಳೆಯ ಜಗಳ ಹೊತ್ತಿಕೊಂಡು, ಸುಮಿತ್ರಾಬಾಯಿಯ ಮುಖ ಮತ್ತೆ ಕಳೆಗಟ್ಟಿತು. ಜಗಳಕ್ಕೆ ಜೊತೆ ಸಿಕ್ಕ ಮೇಲೆ ಅವಳಿಗೆ ಗಂಡನ ನೆನಪೂ ಇದ್ದಂತೆ ಕಾಣಲಿಲ್ಲ.

ದತ್ತಾತ್ರಿ ಮೂಲೆಯಲ್ಲಿ ಕೂತು ಬೀಡಿ ಹಚ್ಚಿದ. ಕೆಮ್ಮು ಬಂತು. ಬಾಳಮ್ಮ ಹೊರಸಿನಿಂದಲೇ ಕೈ ಚಾಚಿ ಬೀಡಿ ಕಿತ್ತು ಎಸೆದಳು.

"ಇನ್ಮ್ಯಾಲ ಬೀಡಿ ಬಂದ್. ಕರದದ್ದು ಬಂದ್. ನಾಳಿಂದ ಮಾರಿಗಿ ಅರಬಿ ಕಟ್ಟಿಕೊಂಡು ಗಿರಣಿಗಿ ಹೋಗ್ಬೇಕು. ಸೊಸಿ, ಕೆಮ್ಮಿಗಿ ಕಾಡಮಂಜಿಟ್ಟಿ ಕಷಾಯ ಕುದಿಸಿ ತಾ. ದಿನಾ ಮುಂಜಾನಿ ಸಂಜಿ ಕುಡಸಮು."

"ಹೌದ್ರಿ ಅತ್ತಿ, ನಾ ಹೇಳಿದ್ರ ಎಂದೂ ಕೇಳಿಲ್ಲ," ಎಂದು ಸುಮಿತ್ರಾಬಾಯಿ ಜಗಳ ಬಿಟ್ಟು ಕೂಡಲೆ ಎದ್ದಳು.

ಬೆಳಿಗ್ಗೆಯಿಂದ ಸಾವಿಗೆ ಹೆದರಿದ್ದ ದತ್ತಾತ್ರಿ ಈಗ ಆಯುಷ್ಯಕ್ಕೆ ಹೆದರತೊಡಗಿದ. ಬಾಗಿಲಲ್ಲಿ ಇನ್ನೂ ಅಡ್ಡಾಡುತ್ತಿದ್ದ ರೇವಣಸಿದ್ಧಪ್ಪನನ್ನು ಕರೆದು, "ಕಾಕಾ, ದತ್ತಕ ಹೋದಾಂವ ಎಷ್ಟು ವರ್ಷ ಬದಕ್ತಾನಂತ ಪೇಪರ್ದಾಗ ಏನರೆ ಬರದದೇನು?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಪೇಪರ್ನಾಂವಗ ಏನ್ ಗೊತ್ತದ? ನಾ ಹೇಳ್ತೀನಿ ಕೇಳು," ಎಂದಳು ಬಾಳಮ್ಮ. "ಮಗ ಇದ್ರ ತಾಯಿ ಬದಕ್ತಾಳ. ನೀ ನಡುವ ಹೋದಿ ಅಂದ್ರ ನನ್ನ ಗತಿ ಏನು? ಆ ಗುರಮ್ಮ ಬಂದು ನನ್ನ ದಿನದ ಹೋಳಿಗಿ ತಿಂತಾಳ. ಅದು ಆಗೂ ಮಾತಲ್ಲ. ನೋಡಪಾ, ನನಗಿಂತ ಮೊದಲ ಸತ್ತೀ ಅಂದ್ರ, ಕಾಲ್ ಮುರೀತೀನಿ!"